ರೂತ್ ಫಸ್ಟ್

ರೂತ್ ಫಸ್ಟ್ (4 ಮೇ 1925 – 17 ಆಗಸ್ಟ್ 1982) ದಕ್ಷಿಣ ಆಫ್ರಿಕಾದ ಪತ್ರಕರ್ತೆ, ಲೇಖಕಿ, ಸಮಾಜವಿಜ್ಞಾನಿ ಮತ್ತು ವರ್ಣಭೇದ ನೀತಿಯ ವಿರುದ್ಧದ ಚಳವಳಿಯ ಪ್ರಮುಖ ಕಾರ್ಯಕರ್ತೆ. ಮೊಜಾಂಬಿಕ್ ದೇಶದ ರಾಜಧಾನಿ ಮಪುಟೊದ ಎಡುವಾರ್ಡೊ ಮೊಂಡ್ಲಾನೆ ವಿಶ್ವವಿದ್ಯಾಲಯದಲ್ಲಿ, ಆಫ್ರಿಕಾ ಅಧ್ಯಯನ ಕೇಂದ್ರದ ಸಂಶೋಧನ ನಿರ್ದೇಶಕಿಯಾಗಿದ್ದಾಗ ಅಂಚೆಯಲ್ಲಿ ಬಂದ ಬಾಂಬು ಸಿಡಿದು ಅವರು ಮೃತಪಟ್ಟರು. ಅವರ ಬರಹಗಳಲ್ಲಿ ಸೆರೆವಾಸದ ಕಥನವೇ ಹೆಚ್ಚು ಪ್ರಸಿದ್ಧ. ಆದರೆ ಆಫ್ರಿಕಾ ಖಂಡದ ದಕ್ಷಿಣ ಭಾಗದ ನೆರೆಹೊರೆಯ ದೇಶಗಳ ವಿದ್ವಾಂಸರನ್ನು ಒಂದೇ ಅಧ್ಯಯನಕ್ಕೆ ಕೂಡಿಸಲು ಅವರು ಮಪುಟೊದಲ್ಲಿ ನಡೆಸಿದ ಪ್ರಯತ್ನವು ಅದಕ್ಕಿಂತ ಕಡಿಮೆ ಮಹತ್ವದ್ದಲ್ಲ.

ಜನನ ಮತ್ತು ವಿದ್ಯಾಭ್ಯಾಸ

ರೂತ್ ಜನಿಸಿದ್ದು ಜೋಹಾನ್ಸ್‌ಬರ್ಗ್ ನಗರದಲ್ಲಿ. ತಂದೆ ಜೂಲಿಯಸ್ ಫಸ್ಟ್, ತಾಯಿ ಟಿಲ್ಲಿ. ಇಬ್ಬರೂ ಬಾಲ್ಟಿಕ್ ಪ್ರದೇಶದಿಂದ ವಲಸೆ ಬಂದ ಯಹೂದಿ ಮನೆತನಗಳವರು; 1921ರಲ್ಲಿ ಸ್ಥಾಪನೆಯಾದ ದಕ್ಷಿಣ ಆಫ್ರಿಕಾದ ಕಮ್ಯುನಿಸ್ಟ್ ಪಕ್ಷದ ಆರಂಭದ ದಿನಗಳ ಸದಸ್ಯರು. ರಾಜಕೀಯ ಚರ್ಚೆ ಮನೆಯ ನಿತ್ಯದ ಮಾತಾಗಿದ್ದ ವಾತಾವರಣದಲ್ಲಿ ಅವರು ಬೆಳೆದರು.

ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಮಾಜವಿಜ್ಞಾನಗಳನ್ನು ವ್ಯಾಸಂಗ ಮಾಡಿದರು. ನೆಲ್ಸನ್ ಮಂಡೇಲಾ, ಭಾರತೀಯ ಮೂಲದ ಇಸ್ಮಾಯಿಲ್ ಮೀರ್ ಮತ್ತು ಜೆ. ಎನ್. ಸಿಂಗ್ ಅಲ್ಲಿ ಅವರ ಒಡನಾಡಿಗಳಾಗಿದ್ದರು. ಮೊಜಾಂಬಿಕ್‌ನಿಂದ ಓದಲು ಬಂದಿದ್ದ ಎಡುವಾರ್ಡೊ ಮೊಂಡ್ಲಾನೆಯವರ ಪರಿಚಯವೂ ಅಲ್ಲಿಯೇ ಆಯಿತು. ಮುಂದೆ ಮೊಂಡ್ಲಾನೆ ಸಮಾಜಶಾಸ್ತ್ರಜ್ಞರಾದರು, ಮೊಜಾಂಬಿಕ್ ವಿಮೋಚನಾ ರಂಗವಾದ ಫ್ರೆಲಿಮೊದ ಅಧ್ಯಕ್ಷರಾದರು, 1969ರ ಫೆಬ್ರವರಿಯಲ್ಲಿ ದಾರ್ ಎಸ್ ಸಲಾಮ್ ನಗರದಲ್ಲಿ ಅಂಚೆಯಲ್ಲಿ ಬಂದ ಬಾಂಬಿಗೆ ಬಲಿಯಾದರು. ಅವರ ಹೆಸರನ್ನು ಹೊತ್ತ ವಿಶ್ವವಿದ್ಯಾಲಯದಲ್ಲಿ, ಅದೇ ಬಗೆಯಲ್ಲಿ, ಹದಿಮೂರು ವರ್ಷಗಳ ನಂತರ ರೂತ್ ಕೊಲ್ಲಲ್ಪಟ್ಟರು.

ಪತ್ರಿಕಾವೃತ್ತಿ

ವ್ಯಾಸಂಗದ ನಂತರ ಜೋಹಾನ್ಸ್‌ಬರ್ಗ್ ನಗರಸಭೆಯ ಸಮಾಜ ಕಲ್ಯಾಣ ವಿಭಾಗದಲ್ಲಿ ಸಂಶೋಧನ ಸಹಾಯಕಿಯಾಗಿ ಸೇರಿದ ಅವರು ಅಲ್ಲಿ ಬಹುಕಾಲ ನಿಲ್ಲಲಿಲ್ಲ. 1946ರಲ್ಲಿ ಆಫ್ರಿಕನ್ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದಾಗ ಅವರ ನೆರವಿಗೆ ನಿಂತರು. ಬಳಿಕ ಗಾರ್ಡಿಯನ್ ಎಂಬ ಎಡಪಂಥೀಯ ವಾರಪತ್ರಿಕೆಯ ಜೋಹಾನ್ಸ್‌ಬರ್ಗ್ ವಿಭಾಗದ ಸಂಪಾದಕಿಯಾದರು. ಸರ್ಕಾರವು ಈ ಪತ್ರಿಕೆಯನ್ನು ನಿಷೇಧಿಸಿದಾಗಲೆಲ್ಲ ಅದು ಬೇರೆ ಹೆಸರಿನಲ್ಲಿ ಹೊರಬರುತ್ತಿತ್ತು. ನ್ಯೂ ಏಜ್ ಅಂತಹ ಹೆಸರುಗಳಲ್ಲಿ ಒಂದು.

1947ರಲ್ಲಿ ಪಾದ್ರಿ ಮೈಕೆಲ್ ಸ್ಕಾಟ್ ಅವರೊಡನೆ ಬೆಥಾಲ್ ಪ್ರದೇಶದ ಕೃಷಿಕ್ಷೇತ್ರಗಳಿಗೆ ಹೋಗಿ ಅಲ್ಲಿನ ಕೂಲಿಯಾಳುಗಳ ದುಃಸ್ಥಿತಿಯನ್ನು ಬಯಲಿಗೆ ತಂದದ್ದು ಅವರ ಪತ್ರಿಕಾವೃತ್ತಿಯ ಮೊದಲ ದೊಡ್ಡ ಸಾಧನೆ. ಕೂಲಿಗಾರ ಎಲ್ಲಿಂದ ಬಂದ, ಯಾರು ಕರೆತಂದರು, ಅವನ ದುಡಿಮೆಯ ಲಾಭ ಯಾರ ಪಾಲಾಯಿತು ಎಂಬ ಪ್ರಶ್ನೆಗಳನ್ನು ಅವರು ಮುಂದೆಯೂ ಬಿಡಲಿಲ್ಲ. ಮೂವತ್ತು ವರ್ಷಗಳ ನಂತರದ ಅವರ ಸಂಶೋಧನೆಯೂ ಇವೇ ಪ್ರಶ್ನೆಗಳ ಸುತ್ತ ಬೆಳೆಯಿತು.

1949ರಲ್ಲಿ ವಕೀಲ ಜೋ ಸ್ಲೋವೊ ಅವರನ್ನು ವಿವಾಹವಾದರು. ಶಾನ್, ಗಿಲಿಯನ್, ರಾಬಿನ್ ಈ ದಂಪತಿಗಳ ಮೂವರು ಹೆಣ್ಣುಮಕ್ಕಳು. 1956ರ ಡಿಸೆಂಬರ್‌ನಲ್ಲಿ ದೇಶದ್ರೋಹದ ಆರೋಪದ ಮೇಲೆ ಬಂಧಿತರಾದ 156 ಮಂದಿಯಲ್ಲಿ ಪತಿ-ಪತ್ನಿಯರಿಬ್ಬರೂ ಇದ್ದರು. ದೀರ್ಘಕಾಲ ನಡೆದ ಆ ಮೊಕದ್ದಮೆಯಲ್ಲಿ 1961ರ ವೇಳೆಗೆ ಆರೋಪಿಗಳೆಲ್ಲರೂ ಬಿಡುಗಡೆ ಹೊಂದಿದರು.

ಬಂಧನ ಮತ್ತು ದೇಶತ್ಯಾಗ

1963ರ ಆಗಸ್ಟ್ 9ರಂದು ರೂತ್ ಅವರನ್ನು ಪೊಲೀಸರು ಬಂಧಿಸಿದರು. ವಿಚಾರಣೆಯಿಲ್ಲದೆ ತೊಂಬತ್ತು ದಿನ ಸೆರೆಯಲ್ಲಿಡಲು ಅವಕಾಶವಿದ್ದ ಹೊಸ ಕಾನೂನನ್ನು ಅವರ ಮೇಲೆ ಪ್ರಯೋಗಿಸಲಾಯಿತು. ಅವಧಿ ಮುಗಿದು ಬಿಡುಗಡೆಯಾದೊಡನೆಯೇ ಮತ್ತೆ ಬಂಧಿಸಿದರು. ಒಂಟಿ ಕೋಣೆಯಲ್ಲಿ ಒಟ್ಟು 117 ದಿನ ಕಳೆದ ಅವರು ಮನಸ್ಸು ಕುಸಿದ ಒಂದು ಹಂತದಲ್ಲಿ ಆತ್ಮಹತ್ಯೆಗೂ ಪ್ರಯತ್ನಿಸಿದ್ದರು. ಇದನ್ನು ಮರೆಮಾಚದೆ 1965ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಆ ದಿನಗಳ ಸಂಖ್ಯೆಯನ್ನೇ ಹೆಸರಾಗಿಟ್ಟರು. ಮರುವರ್ಷ ಬಿಬಿಸಿ ಅದನ್ನು ಆಧರಿಸಿ ತಯಾರಿಸಿದ ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ವಹಿಸಿದರು.

1964ರಲ್ಲಿ ಅವರು ಮಕ್ಕಳೊಡನೆ ಇಂಗ್ಲೆಂಡಿಗೆ ತೆರಳಿದರು. ಮತ್ತೆ ತಾಯ್ನಾಡಿಗೆ ಮರಳುವ ಅವಕಾಶ ಅವರಿಗೆ ಸಿಗಲಿಲ್ಲ. ಮಂಡೇಲಾ ಅವರ ಭಾಷಣ-ಬರಹಗಳ ಸಂಗ್ರಹ, ಗೋವನ್ ಎಂಬೆಕಿ ಅವರ ರೈತ ದಂಗೆಯ ಕುರಿತ ಗ್ರಂಥ, ಕೀನ್ಯಾದ ನಾಯಕ ಒಗಿಂಗ ಒಡಿಂಗ ಅವರ ಆತ್ಮಕಥೆ ಇವುಗಳ ಪ್ರಕಟಣೆಯ ಹಿಂದೆ ರೂತ್ ಅವರ ಶ್ರಮವಿದೆ. ಆಫ್ರಿಕಾದ ಸೈನಿಕ ಕ್ರಾಂತಿಗಳನ್ನು ಕುರಿತು 1970ರಲ್ಲಿ, ಲಿಬಿಯಾ ಕುರಿತು 1974ರಲ್ಲಿ ಅವರ ಸ್ವಂತ ಗ್ರಂಥಗಳು ಹೊರಬಂದವು. ಡರ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿದ್ದರು. 1975ರಲ್ಲಿ ಕೆಲಕಾಲ ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳಿದರು. ಕಮ್ಯುನಿಸ್ಟರಾಗಿದ್ದರೂ 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾವನ್ನು ಪ್ರವೇಶಿಸಿದ್ದನ್ನು ಅವರು ಒಪ್ಪಲಿಲ್ಲ. ಈ ವಿಷಯದಲ್ಲಿ ಪತಿಯೊಡನೆಯೂ ಭಿನ್ನಾಭಿಪ್ರಾಯವಿತ್ತು.

ಮಪುಟೊದ ಅಧ್ಯಯನ ಕೇಂದ್ರ

ಮೊಜಾಂಬಿಕ್ 1975ರ ಜೂನ್ 25ರಂದು ಪೋರ್ಚುಗೀಸರ ಆಳ್ವಿಕೆಯಿಂದ ಸ್ವತಂತ್ರವಾಯಿತು. ಮರುವರ್ಷ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನ ಕೇಂದ್ರ ಸ್ಥಾಪನೆಯಾಯಿತು. ಅದರ ನಿರ್ದೇಶಕರು ಅಕ್ವಿನೊ ದ ಬ್ರಗಾಂಸಾ. ಕನ್ನಡ ನಾಡಿನ ನೆರೆಯ ಗೋವೆಯಲ್ಲಿ 1924ರಲ್ಲಿ ಜನಿಸಿದ ಬ್ರಗಾಂಸಾ, ಪೋರ್ಚುಗೀಸ್ ವಸಾಹತುಗಳ ವಿಮೋಚನಾ ಚಳವಳಿಗಳಲ್ಲಿ ಪಳಗಿದ ಪತ್ರಕರ್ತರು. 1977ರಲ್ಲಿ ಅವರ ಆಹ್ವಾನದ ಮೇಲೆ ಬಂದ ರೂತ್, ದಕ್ಷಿಣ ಆಫ್ರಿಕಾದ ಗಣಿಗಳಿಗೆ ದುಡಿಯಲು ಹೋಗುತ್ತಿದ್ದ ಮೊಜಾಂಬಿಕ್ ಕಾರ್ಮಿಕರ ಅಧ್ಯಯನವನ್ನು ವಹಿಸಿಕೊಂಡರು.

ಈ ಅಧ್ಯಯನದ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. 1975ರಲ್ಲಿ ಮೊಜಾಂಬಿಕ್‌ನ ಒಂದು ಲಕ್ಷಕ್ಕೂ ಹೆಚ್ಚು ಜನರು ಆ ಗಣಿಗಳಲ್ಲಿ ದುಡಿಯುತ್ತಿದ್ದರು. ಅವರ ಕೂಲಿಯ ಒಂದು ಪಾಲನ್ನು ತಡೆಹಿಡಿದು ಊರಿಗೆ ಮರಳಿದ ಮೇಲೆ ಸ್ಥಳೀಯ ಹಣದಲ್ಲಿ ಕೊಡುವುದು ಪದ್ಧತಿ. ಆ ಮೊತ್ತಕ್ಕೆ ಸಮನಾಗಿ ಪೋರ್ಚುಗೀಸ್ ಸರ್ಕಾರಕ್ಕೆ ಅಧಿಕೃತ ದರದಲ್ಲಿ ಚಿನ್ನ ಸಂದಾಯವಾಗುತ್ತಿತ್ತು. ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಮೇಲಿದ್ದುದರಿಂದ ಲಾಭವು ಸರ್ಕಾರದ್ದಾಯಿತು, ಧೂಳು ಕುಡಿದು ಕೆಟ್ಟ ಶ್ವಾಸಕೋಶ ಕಾರ್ಮಿಕನದಾಯಿತು. ಸ್ವಾತಂತ್ರ್ಯದ ನಂತರ ಗಣಿಗಳು ನೇಮಕಾತಿಯನ್ನು ತೀವ್ರವಾಗಿ ಇಳಿಸಿದವು. ಗಣಿಯ ಕೂಲಿಯಿಂದಲೇ ನೇಗಿಲು, ಎತ್ತು, ವಧುದಕ್ಷಿಣೆ ಎಲ್ಲವನ್ನೂ ಹೊಂದಿಸಿಕೊಳ್ಳುತ್ತಿದ್ದ ಹಳ್ಳಿಗಳ ಗತಿಯೇನು ಎಂಬುದು ಹೊಸ ಸರ್ಕಾರದ ಮುಂದಿದ್ದ ಪ್ರಶ್ನೆ.

ರೂತ್ ಅವರ ತಂಡವು ಇನ್ಯಾಂಬಾನೆ ಪ್ರಾಂತದ ಹಳ್ಳಿಗಳಿಗೆ ಹೋಗಿ ಗಣಿ ಕಾರ್ಮಿಕರನ್ನೂ ಅವರ ಮನೆಯ ಹೆಂಗಸರನ್ನೂ ಮಾತನಾಡಿಸಿತು. ದುಡಿಮೆಯ ಹಾಡುಗಳನ್ನು ಆಲ್ಫಿಯಸ್ ಮಂಗೆಜಿ ಸಂಗ್ರಹಿಸಿದರು. ಈ ಜನರು ಗಣಿಯಲ್ಲಿ ಕಾರ್ಮಿಕರು, ಊರಿನಲ್ಲಿ ರೈತರು. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗದು ಎಂಬುದು ಅಧ್ಯಯನದ ಮುಖ್ಯ ನಿಲುವು. ಅದರ ವರದಿ ಮೊದಲು ಪೋರ್ಚುಗೀಸಿನಲ್ಲಿ ಸಿದ್ಧವಾಯಿತು. ಕಪ್ಪು ಚಿನ್ನ ಎಂಬರ್ಥದ ಹೆಸರಿನಲ್ಲಿ ಅದು ಇಂಗ್ಲಿಷ್ ಗ್ರಂಥವಾಗಿ ಬಂದದ್ದು 1983ರಲ್ಲಿ, ರೂತ್ ಅವರ ಮರಣಾನಂತರ.

ಮೊದಲ ಅಧ್ಯಯನ ಮುಗಿದ ಬಳಿಕ ರೂತ್ ಮಪುಟೊದಲ್ಲಿಯೇ ನೆಲಸಿ ಸಂಶೋಧನ ನಿರ್ದೇಶಕಿಯಾದರು. ಅವರು ಆರಂಭಿಸಿದ ಅಭಿವೃದ್ಧಿ ಕೋರ್ಸಿಗೆ ಸಚಿವಾಲಯದ ನೌಕರರು, ಪಕ್ಷದ ಕಾರ್ಯಕರ್ತರು, ಪತ್ರಕರ್ತರು ಮುಂತಾದ ದುಡಿಯುವ ವಯಸ್ಕರು ಸೇರುತ್ತಿದ್ದರು. ತರಗತಿಯ ಪಾಠದ ಜೊತೆಗೆ ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಕ್ಷೇತ್ರಕಾರ್ಯ ಮಾಡಬೇಕಿತ್ತು. ಹತ್ತಿಯ ಬೇಸಾಯ, ಚಹಾ ತೋಟ, ಮಪುಟೊ ಬಂದರಿನ ಕಾರ್ಮಿಕರು ಮೊದಲಾದ ವಿಷಯಗಳ ಮೇಲೆ ಹೀಗೆ ವರದಿಗಳು ಸಿದ್ಧವಾದವು. ಸಂಶೋಧನೆಯನ್ನು ಪಾಠದಿಂದ ಬೇರ್ಪಡಿಸದ ಈ ಕ್ರಮ ಅಂದಿನ ವಿಶ್ವವಿದ್ಯಾಲಯಗಳಲ್ಲಿ ಅಪರೂಪದ್ದಾಗಿತ್ತು. ಕೇಂದ್ರವು ಫ್ರೆಲಿಮೊಗೆ ತೀರ ಹತ್ತಿರವಾಗಿತ್ತು ಎಂದು ಮುಂದೆ ಕೆಲವು ವಿದ್ವಾಂಸರು ಟೀಕಿಸಿದ್ದಾರೆ. ಈ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಸರ್ಕಾರಿ ಬೃಹತ್ ಕೃಷಿಕ್ಷೇತ್ರಗಳಿಗೆ ಒತ್ತುಕೊಟ್ಟು ಸಣ್ಣ ರೈತರನ್ನು ಕಡೆಗಣಿಸುವ ಧೋರಣೆಯ ದೋಷಗಳನ್ನು ಕೇಂದ್ರದ ವರದಿಗಳೇ ತೋರಿಸಿಕೊಟ್ಟಿದ್ದವು.

ನೆರೆದೇಶಗಳ ಸಹಕಾರ

ಗಣಿಗಳಿಗೆ ಮೊಜಾಂಬಿಕ್ ಅಷ್ಟೇ ಅಲ್ಲದೆ ಲೆಸೊಥೊ, ಮಲಾವಿ, ಬೋಟ್ಸ್ವಾನ, ಸ್ವಾಜಿಲ್ಯಾಂಡ್‌ಗಳಿಂದಲೂ ಆಳುಗಳು ಹೋಗುತ್ತಿದ್ದರು. ನೆರೆದೇಶಗಳ ರೈಲುಮಾರ್ಗ, ಬಂದರು, ವ್ಯಾಪಾರಗಳೂ ದಕ್ಷಿಣ ಆಫ್ರಿಕಾದ ಹಿಡಿತದಲ್ಲಿದ್ದವು. ಹೀಗಿರುವಾಗ ಒಂದೊಂದು ದೇಶ ತನ್ನಷ್ಟಕ್ಕೆ ನಡೆಸಿದ ಅಧ್ಯಯನ ಅಪೂರ್ಣವೇ ಆಗುತ್ತಿತ್ತು. ಆದರೆ ಒಗ್ಗೂಡುವುದು ಸುಲಭವಿರಲಿಲ್ಲ. ಮೊಜಾಂಬಿಕ್ ಮತ್ತು ಅಂಗೋಲಗಳ ವಿದ್ಯಾಭಾಷೆ ಪೋರ್ಚುಗೀಸ್, ಉಳಿದವರದು ಇಂಗ್ಲಿಷ್. ಬೋಟ್ಸ್ವಾನ, ಲೆಸೊಥೊ, ಸ್ವಾಜಿಲ್ಯಾಂಡ್ ಮೂರೂ ಸೇರಿ ನಡೆಸುತ್ತಿದ್ದ ಏಕೈಕ ವಿಶ್ವವಿದ್ಯಾಲಯವೂ 1975ರಲ್ಲಿ ಲೆಸೊಥೊ ಹೊರನಡೆದಾಗ ಒಡೆದಿತ್ತು.

ಇದೇ ಕಾಲದಲ್ಲಿ ಖಂಡದ ಬೇರೆಡೆಯೂ ಇಂತಹ ಯತ್ನಗಳು ನಡೆದಿದ್ದವು. ಆಫ್ರಿಕಾದ ಸಮಾಜವಿಜ್ಞಾನ ಸಂಶೋಧನ ಸಂಸ್ಥೆಗಳನ್ನು ಒಗ್ಗೂಡಿಸುವ ಕೊಡೆಸ್ರಿಯಾ ಎಂಬ ಮಂಡಳಿ 1973ರಲ್ಲಿ ಸ್ಥಾಪನೆಯಾಗಿ ಸೆನೆಗಲ್‌ನ ಡಾಕಾರ್‌ನಲ್ಲಿ ನೆಲೆಗೊಂಡಿತ್ತು. ಅರ್ಥಶಾಸ್ತ್ರಜ್ಞ ಸಮೀರ್ ಅಮೀನ್ ಅದರ ಮೊದಲ ಕಾರ್ಯದರ್ಶಿ. ಪೂರ್ವ ಆಫ್ರಿಕಾಕ್ಕಾಗಿ ಒಸ್ರಿಯಾ ಎಂಬ ಸಂಸ್ಥೆ 1980ರಲ್ಲಿ ಆಡಿಸ್ ಅಬಾಬದಲ್ಲಿ ಹುಟ್ಟಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಮೇಲಿನ ಅವಲಂಬನೆಯನ್ನು ತಗ್ಗಿಸಲು ಒಂಬತ್ತು ನೆರೆದೇಶಗಳು ಸೇರಿ ಅಭಿವೃದ್ಧಿ ಸಮನ್ವಯ ಸಮ್ಮೇಳನ ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಆ ಅವಲಂಬನೆ ಯಾವ ರೂಪದಲ್ಲಿದೆ, ಎಷ್ಟು ಆಳವಾಗಿದೆ ಎಂದು ಅರಿಯಲು ಮಪುಟೊ ಕೇಂದ್ರದಂತಹ ಸಂಸ್ಥೆಯ ಕೆಲಸ ಅವಶ್ಯವಾಗಿತ್ತು. ವರ್ಣಭೇದದ ಸರ್ಕಾರಕ್ಕೆ ಇಂತಹ ಅರಿವು ಹಿತಕರವಾಗಿರಲಿಲ್ಲ.

ಹತ್ಯೆ

1982ರ ಆಗಸ್ಟ್‌ನಲ್ಲಿ ಯುನೆಸ್ಕೊ ನೆರವಿನೊಡನೆ, ಖಂಡದ ದಕ್ಷಿಣ ಭಾಗದ ದೇಶಗಳ ಸಮಾಜವಿಜ್ಞಾನಿಗಳ ಸಮ್ಮೇಳನ ಮಪುಟೊದಲ್ಲಿ ನಡೆಯಿತು. ಅದರ ಏರ್ಪಾಡಿನಲ್ಲಿ ರೂತ್ ಅವರದು ಪ್ರಮುಖ ಪಾತ್ರ. ಸಮ್ಮೇಳನ ಮುಗಿದ ಕೆಲವೇ ದಿನಗಳಲ್ಲಿ, ಆಗಸ್ಟ್ 17ರಂದು, ಕೇಂದ್ರದ ಕಚೇರಿಯಲ್ಲಿ ತಮಗೆ ಬಂದಿದ್ದ ಅಂಚೆಯನ್ನು ತೆರೆಯುತ್ತಿದ್ದಾಗ ಲಕೋಟೆಯಲ್ಲಿದ್ದ ಬಾಂಬು ಸಿಡಿದು ಅವರು ಅಸುನೀಗಿದರು. ಜೊತೆಯಲ್ಲಿದ್ದ ಬ್ರಗಾಂಸಾ, ಸಹೋದ್ಯೋಗಿ ಬ್ರಿಜೆಟ್ ಓಲಾಫ್ಲಿನ್ ಮತ್ತು ಸಮ್ಮೇಳನಕ್ಕೆಂದು ಬಂದಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಪಾಲೊ ಜೋರ್ಡನ್ ಗಾಯಗೊಂಡರು. ಮಪುಟೊದ ಲ್ಯಾಂಗೆನೆ ಸ್ಮಶಾನದಲ್ಲಿ ರೂತ್ ಅವರ ಅಂತ್ಯಸಂಸ್ಕಾರ ನಡೆಯಿತು.

ದಕ್ಷಿಣ ಆಫ್ರಿಕಾದ ಭದ್ರತಾ ಪೊಲೀಸ್ ಅಧಿಕಾರಿ ಕ್ರೇಗ್ ವಿಲಿಯಮ್ಸನ್ ಈ ಕೃತ್ಯದಲ್ಲಿ ತನ್ನ ಪಾತ್ರವನ್ನು ಮುಂದೆ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ಒಪ್ಪಿಕೊಂಡನು. ಕುಟುಂಬದವರ ವಿರೋಧವಿದ್ದರೂ 2000ದಲ್ಲಿ ಅವನಿಗೂ, ಬಾಂಬು ತಯಾರಿಸಿದ ರೋಜರ್ ರೇವನ್‌ಗೂ ಕ್ಷಮಾದಾನ ದೊರೆಯಿತು.

ಅನಂತರದ ಬೆಳವಣಿಗೆ

1984ರ ಮಾರ್ಚ್‌ನಲ್ಲಿ ಮೊಜಾಂಬಿಕ್ ಸರ್ಕಾರ ದಕ್ಷಿಣ ಆಫ್ರಿಕಾದೊಡನೆ ಎನ್ಕೊಮಾಟಿ ಒಪ್ಪಂದಕ್ಕೆ ಸಹಿ ಹಾಕಿತು. ಅದರಿಂದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಅನೇಕರು ಮಪುಟೊವನ್ನು ತೊರೆಯಬೇಕಾಯಿತು. ಬ್ರಗಾಂಸಾ 1986ರ ಅಕ್ಟೋಬರ್ 19ರಂದು ಅಧ್ಯಕ್ಷ ಸಮೋರಾ ಮಶೆಲ್ ಅವರೊಡನೆ ವಿಮಾನ ದುರಂತದಲ್ಲಿ ಮಡಿದರು. ಜೋ ಸ್ಲೋವೊ 1994ರಲ್ಲಿ ಮಂಡೇಲಾ ಸರ್ಕಾರದ ವಸತಿ ಸಚಿವರಾಗಿ, ಮರುವರ್ಷ ನಿಧನರಾದರು. ತಾಯಿಯ ಬಂಧನದ ದಿನಗಳನ್ನು ಆಧರಿಸಿ ಶಾನ್ ಸ್ಲೋವೊ ಚಿತ್ರಕಥೆ ಬರೆದ ಚಲನಚಿತ್ರವು 1988ರಲ್ಲಿ ತೆರೆಕಂಡಿತು. ಆಫ್ರಿಕಾ ಅಧ್ಯಯನ ಕೇಂದ್ರವು ಎಡುವಾರ್ಡೊ ಮೊಂಡ್ಲಾನೆ ವಿಶ್ವವಿದ್ಯಾಲಯದ ಭಾಗವಾಗಿ ಮುಂದುವರಿದಿದೆ.