ಯಲಹಂಕದ ನಾಡಪ್ರಭು, ಬೆಂಗಳೂರಿನ ಕೆಂಪೇಗೌಡ

ವಿಜಯನಗರ ಸಾಮ್ರಾಜ್ಯದ ದಕ್ಷಿಣದ ಸೀಮೆಗಳಲ್ಲಿ ಕಂದಾಯ ಎತ್ತಿ, ಕೆರೆಕಟ್ಟೆಗಳನ್ನು ಕಾಯ್ದು, ಕರೆ ಬಂದಾಗ ಸೈನ್ಯದೊಡನೆ ಹೊರಡಬೇಕಾದವರು ನಾಡಪ್ರಭುಗಳು. ಅಂಥ ಯಲಹಂಕ ನಾಡಿನ ಅಧಿಪತಿ ಕೆಂಪನಂಜೇಗೌಡರ ಮಗನಾಗಿ, ಪರಂಪರೆಯ ಪ್ರಕಾರ 1510ರಲ್ಲಿ, ಕೆಂಪೇಗೌಡರು ಜನಿಸಿದರು. ಆವತಿಯಲ್ಲಿ ನೆಲೆ ನಿಂತ ರಣಭೈರೇಗೌಡರ ವಂಶ ಅವರದು.

ಯಲಹಂಕದಲ್ಲಿಯೇ ಸುಖವಾಗಿ ಇದ್ದುಬಿಡಬಹುದಾಗಿದ್ದ ಈ ಪಾಳೆಯಗಾರರು ಹೊಸ ಪಟ್ಟಣದ ಕನಸು ಕಂಡರು. ಚಕ್ರವರ್ತಿ ಅಚ್ಯುತದೇವರಾಯನ ಅನುಮತಿ ಪಡೆದು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರು. ಇಂದಿನ ಚಿಕ್ಕಪೇಟೆ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಬೀದಿಗಳನ್ನು ಗುರುತಿಸಿದರೆಂಬುದು ಜನಪ್ರಿಯ ಐತಿಹ್ಯ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳು ಕಸುಬಿಗೊಂದು ಬೀದಿ ಎಂಬ ಯೋಜನೆಯ ಕುರುಹುಗಳು. ಊರಿನ ಹೆಸರು ಮಾತ್ರ ಹೊಸದಲ್ಲ. ಸುಮಾರು 890ರ ಬೇಗೂರು ಶಾಸನದಲ್ಲೇ ಬೆಂಗಳೂರಿನ ಹೆಸರಿದೆ. ಹೀಗಿರುವಾಗ ಬೆಂದಕಾಳಿನ ಕಥೆಯನ್ನು ಕಥೆಯೆಂದೇ ಸವಿಯಬೇಕು! ಹೆಬ್ಬಾಳದ ಆಚೆ ಕೊಡಿಗೇಹಳ್ಳಿಯ ಬಳಿಯ ಹಳೇಬೆಂಗಳೂರಿನ ಹೆಸರನ್ನೇ ಹೊಸ ಪೇಟೆಗೆ ಇಟ್ಟರೆಂಬ ಅಭಿಪ್ರಾಯವೂ ಪ್ರಚಲಿತವಾಗಿದೆ.

ನದಿಯಿಲ್ಲದ ಎತ್ತರದ ನೆಲದಲ್ಲಿ ನೀರಿಲ್ಲದೆ ಪೇಟೆ ಬದುಕಲಾರದು. ಆದುದರಿಂದಲೇ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳು. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಮೆಚ್ಚಿದ ಚಕ್ರವರ್ತಿಯು ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ, ಹೆಸರಘಟ್ಟ ಮೊದಲಾದ ಹೋಬಳಿಗಳನ್ನು ಬಿಟ್ಟುಕೊಟ್ಟನು. ಅವುಗಳ ವಾರ್ಷಿಕ ಹುಟ್ಟುವಳಿ 30,000 ವರಹವೆಂದು ಹೇಳಲಾಗುತ್ತದೆ.

ಏಳಿಗೆಯೇ ಮುಳುವಾಯಿತು. ಕುಲದೈವ ಭೈರವನ ಹೆಸರಿನಲ್ಲಿ ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿದರೆಂದು ನೆರೆಯ ಪಾಳೆಯಗಾರರು ದೂರಿತ್ತರು. ನಾಣ್ಯ ಸಾರ್ವಭೌಮತ್ವದ ಗುರುತು. ಸಾಮಂತನೊಬ್ಬ ಅದಕ್ಕೆ ಕೈಹಾಕುವುದನ್ನು ಯಾವ ಪ್ರಭುತ್ವವೂ ಸಹಿಸದು. ಕೆಂಪೇಗೌಡರು ಆನೆಗೊಂದಿಯ ಸೆರೆಯಲ್ಲಿ ಐದು ವರ್ಷ ಕಳೆದು, ದಂಡ ತೆತ್ತು ಬಿಡುಗಡೆಗೊಂಡರೆಂದು ಪರಂಪರೆ ಹೇಳುತ್ತದೆ. ಕಳೆದುಹೋದ ಪ್ರಾಂತ್ಯ ಮರಳಿ ಕೈಸೇರಿತು. ಸೇಡಿನ ದಾರಿ ಹಿಡಿಯದೆ ಅವರು ಪಟ್ಟಣದ ಕೆಲಸಕ್ಕೇ ಮರಳಿದರು. ತಮ್ಮ ಜನಾಂಗದ ಸ್ತ್ರೀಯರ ಬೆರಳು ಕತ್ತರಿಸುವ ಕ್ರೂರ ಪದ್ಧತಿಯನ್ನು ತಡೆದ ಕೀರ್ತಿಯೂ ಅವರಿಗೆ ಸಲ್ಲುತ್ತದೆ.

1565ರ ರಕ್ಕಸ-ತಂಗಡಿ ಯುದ್ಧದಲ್ಲಿ ವಿಜಯನಗರ ಕುಸಿಯಿತು. ಒಡೆಯರೇ ಕುಸಿದ ಮೇಲೂ ಪೇಟೆ ಉಳಿಯಿತು. ಕೆಂಪೇಗೌಡರು 1569ರಲ್ಲಿ ತೀರಿಕೊಂಡರು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅವರದೆನ್ನಲಾದ ಸಮಾಧಿಯು ಬೆಳಕಿಗೆ ಬಂದದ್ದು 2015ರಲ್ಲಿ.

ಕೋಟೆಯ ಬಾಗಿಲು ಪದೇಪದೇ ಕುಸಿದಾಗ ಸೊಸೆ ಲಕ್ಷ್ಮೀದೇವಿ ಆತ್ಮಾರ್ಪಣೆ ಮಾಡಿಕೊಂಡಳೆಂಬ ಕರುಣಕಥೆಯನ್ನು ಬೆಂಗಳೂರು ಮರೆತಿಲ್ಲ. ಆಕೆಯ ಸ್ಮಾರಕ ಕೋರಮಂಗಲದಲ್ಲಿದೆ.