ದೇಹವನ್ನೇ ಪಾಠವಾಗಿಸಿದ ವೈದ್ಯ: ಡಾ. ಬಸವಣ್ಣೆಪ್ಪ ರಾಮಣ್ಣವರ

ನೆರೆಯ ಬೈಲಹೊಂಗಲ ಎಂದೊಡನೆ ನಮಗೆಲ್ಲ ನೆನಪಾಗುವುದು ಕಿತ್ತೂರು ರಾಣಿ ಚನ್ನಮ್ಮನ ಸಮಾಧಿ. ಅದೇ ಬೈಲಹೊಂಗಲದ ಆಯುರ್ವೇದ ವೈದ್ಯರಾದ ಡಾ. ಬಸವಣ್ಣೆಪ್ಪ ರಾಮಣ್ಣವರು ಬದುಕಿದ್ದಾಗ ರೋಗಿಗಳ ಸೇವೆ ಮಾಡಿದರು. ತೀರಿಕೊಂಡ ಮೇಲೆ ವಿದ್ಯಾರ್ಥಿಗಳಿಗೆ ಗುರುವಾದರು.

ದೇಹವನ್ನು ಛೇದಿಸಿ ನೋಡದೆ ವೈದ್ಯನಾಗಲಾಗದು ಎಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಶವವನ್ನು ಹುಲ್ಲಿನಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಪದರ ಪದರವಾಗಿ ಉಜ್ಜಿ ನೋಡುವ ಕ್ರಮವನ್ನು ಸುಶ್ರುತ ಸಂಹಿತೆಯೇ ಹೇಳಿದೆ.

ಇದರ ಅಗತ್ಯ ತಿಳಿಯಲು ತಲೆಬುರುಡೆಯ ತಳಭಾಗವೊಂದನ್ನೇ ನೋಡಿದರೆ ಸಾಕು. ಮಿದುಳು ಕುಳಿತಿರುವುದು ಅಲ್ಲಿಯೇ. ಮುಂದೆ, ನಡುವೆ, ಹಿಂದೆ ಎಂದು ಮೂರು ತಗ್ಗುಗಳು. ನಡುವೆ ಕುದುರೆಯ ಜೀನಿನಂಥ ಎಲುಬಿನಲ್ಲಿ ಪಿಟ್ಯುಟರಿ ಗ್ರಂಥಿ. ಅದರ ಎರಡೂ ಬದಿಗೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು, ಮೇಲೆ ಕಣ್ಣಿನ ನರಗಳು. ಹಿಂದಿನ ದೊಡ್ಡ ರಂಧ್ರದಿಂದ ಬೆನ್ನುಹುರಿ ಕೆಳಗಿಳಿಯುತ್ತದೆ. ಅಲ್ಲಿ ಗಡ್ಡೆ ತೆಗೆಯುವ ಶಸ್ತ್ರವೈದ್ಯನ ಕೈ ಕೂದಲೆಳೆಯಷ್ಟು ತಪ್ಪಿದರೂ ರೋಗಿಯ ದೃಷ್ಟಿ ಹೋಗಬಹುದು, ಜೀವವೇ ಹೋಗಬಹುದು. ಪುಸ್ತಕದ ಚಿತ್ರದಲ್ಲಿ ಈ ಆಳ ಕಾಣುವುದಿಲ್ಲ. ಕೈ ಪಳಗಬೇಕಾದರೆ ಯಾರಾದರೂ ತಮ್ಮ ದೇಹ ಕೊಡಲೇಬೇಕು.

ರಾಮಣ್ಣವರು ಅದನ್ನು ಅರಿತಿದ್ದರು. ತಮ್ಮ ದೇಹವನ್ನು ದಾನ ಮಾಡಬೇಕು, ಮಗನೇ ಅದನ್ನು ಛೇದಿಸಿ ಪಾಠ ಹೇಳಬೇಕು ಎಂದು ಬಯಸಿದ್ದರು. ಮಗ ಡಾ. ಮಹಾಂತೇಶ ರಾಮಣ್ಣವರು ಬೆಳಗಾವಿಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶರೀರ ರಚನಾ ಶಾಸ್ತ್ರದ ಅಧ್ಯಾಪಕರು. 2008ರ ನವೆಂಬರ್ 13ರಂದು ತಂದೆ ತೀರಿಕೊಂಡರು. ಅವರ ದೇಹವನ್ನು ಕೆಡದಂತೆ ಕಾಪಾಡಿ ಇಡಲಾಯಿತು. ಎರಡು ವರ್ಷ ಕಳೆದು, 2010ರ ಅದೇ ನವೆಂಬರ್ 13ರಂದು, ಮಗ ವಿದ್ಯಾರ್ಥಿಗಳ ಎದುರು ತಂದೆಯ ದೇಹದ ಮೇಲೆ ಶಸ್ತ್ರವಿಟ್ಟು ಪಾಠ ಮಾಡಿದರು. ದೇಶದಾದ್ಯಂತ ಪತ್ರಿಕೆಗಳು ಇದನ್ನು ಬರೆದವು.

ಹೆತ್ತವರಿಗೆ ಮಣ್ಣು ಕೊಡುವುದೇ ಮಕ್ಕಳ ಕೊನೆಯ ಋಣ ಎಂದು ನಂಬಿದ ನಾಡು ನಮ್ಮದು. ಅಂಥಲ್ಲಿ ತಂದೆ ಈ ಮಾತು ಹೇಳುವುದೂ ಸುಲಭವಲ್ಲ, ಮಗ ಅದನ್ನು ನಡೆಸುವುದೂ ಸುಲಭವಲ್ಲ. ಇಬ್ಬರೂ ಹಿಂಜರಿಯಲಿಲ್ಲ. ಆ ಕುಟುಂಬದಿಂದ ದೇಹದಾನದ ಅರಿವು ನಮ್ಮ ಭಾಗದ ಹಳ್ಳಿಗಳಿಗೂ ಹರಡಿತು.

ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ನಾಳೆ ಶಸ್ತ್ರವೈದ್ಯರಾದರೆ, ಅವರ ಮೊದಲ ಗುರು ಮಾತನಾಡದೆ ಮೇಜಿನ ಮೇಲೆ ಮಲಗಿರುತ್ತಾರೆ. ಆ ಗುರುವಿಗೆ ಕೈಮುಗಿದು ಪಾಠ ಆರಂಭಿಸಲಿ.