ಯಂತ್ರಕ್ಕೆ ಪರೀಕ್ಷೆ ಒಡ್ಡಿದ ಗಣಿತಜ್ಞ ಅಲನ್ ಟ್ಯೂರಿಂಗ್

ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡುವುದು ಗಣಕಯಂತ್ರದ ಗುಣ. ಹೇಳಿದ್ದರಲ್ಲಿಯೇ ತಪ್ಪಿದ್ದರೆ ಆ ತಪ್ಪನ್ನೂ ಅದು ಅಷ್ಟೇ ನಿಷ್ಠೆಯಿಂದ ನಡೆಸಿಕೊಡುತ್ತದೆ. ಬರೆದ ತಂತ್ರಾಂಶ ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಆದ್ದರಿಂದ ಗಣಕಯಂತ್ರದಷ್ಟೇ ಹಳೆಯದು. ಆ ಪ್ರಶ್ನೆಯನ್ನು ಆರಂಭದಲ್ಲಿಯೇ ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಒಬ್ಬರು ಅಲನ್ ಮ್ಯಾಥಿಸನ್ ಟ್ಯೂರಿಂಗ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಎನಿಗ್ಮಾ ಗೂಢಲಿಪಿಯನ್ನು ಭೇದಿಸಿದ ಗಣಿತಜ್ಞರೆಂದು ಅವರನ್ನು ಜಗತ್ತು ಬಲ್ಲದು. ತಂತ್ರಾಂಶದ ಪರಿಶೀಲನೆ ಕುರಿತು ಅವರು ಮಂಡಿಸಿದ ಪುಟ್ಟ ಪ್ರಬಂಧದ ಹಿರಿಮೆಯನ್ನು ಅರಿತವರು ವಿರಳ.

ತುಂಗಭದ್ರೆಯ ನಂಟು

ಟ್ಯೂರಿಂಗ್ ಜನಿಸಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಕುಟುಂಬದ ಬೇರುಗಳು ದಕ್ಷಿಣ ಭಾರತದಲ್ಲಿಯೂ ಇದ್ದವು. ತಂದೆ ಜೂಲಿಯಸ್ ಟ್ಯೂರಿಂಗ್ ಐಸಿಎಸ್ ಅಧಿಕಾರಿಯಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದರು. ಅಂದು ಆ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿಯೂ ಸೇವೆ ಸಲ್ಲಿಸಿದ್ದರು. ತಾಯಿ ಎಥೆಲ್ ಸಾರಾ ಅವರ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿದ ಕೀರ್ತಿ ಅವರದು.

ಹೆತ್ತವರು ಭಾರತದಲ್ಲಿದ್ದ ಕಾಲದಲ್ಲಿ ಅಲನ್ ಹಾಗೂ ಅಣ್ಣ ಜಾನ್ ಇಂಗ್ಲೆಂಡಿನಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಬೆಳೆದರು. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರುವ ದಿನ ಸಾರ್ವತ್ರಿಕ ಮುಷ್ಕರದಿಂದ ರೈಲುಗಳು ನಿಂತಿದ್ದವು. ಹದಿಮೂರರ ಬಾಲಕ ಸೌತಾಂಪ್ಟನ್ನಿನಿಂದ ಸುಮಾರು 60 ಮೈಲಿ ಸೈಕಲ್ ತುಳಿದು ಶಾಲೆ ಮುಟ್ಟಿದ. ಅಲ್ಲಿ ದೊರೆತ ಆಪ್ತ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ಕ್ಷಯರೋಗಕ್ಕೆ ಬಲಿಯಾದ. ಆ ಅಗಲಿಕೆ ಟ್ಯೂರಿಂಗ್ ಅವರನ್ನು ಮನಸ್ಸು ಮತ್ತು ಯಂತ್ರಗಳ ಸಂಬಂಧದ ಚಿಂತನೆಯತ್ತ ಒಯ್ದಿತು.

ಯಂತ್ರದ ಮಿತಿ

ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಗಣಿತ ಕಲಿತ ಟ್ಯೂರಿಂಗ್ 1936ರಲ್ಲಿ, ತಮ್ಮ 23ರ ವಯಸ್ಸಿನಲ್ಲಿ, ಯುಗಪ್ರವರ್ತಕ ಪ್ರಬಂಧವೊಂದನ್ನು ಸಿದ್ಧಪಡಿಸಿದರು. ಉದ್ದನೆಯ ಪಟ್ಟಿಯ ಮೇಲಿನ ಚಿಹ್ನೆಗಳನ್ನು ಒಂದೊಂದಾಗಿ ಓದಿ, ಅಳಿಸಿ, ಬರೆಯುವ ಸರಳ ಯಂತ್ರವನ್ನು ಅವರು ಕಲ್ಪಿಸಿಕೊಂಡರು. ತಕ್ಕ ಸೂಚನೆಗಳನ್ನಿತ್ತರೆ ಅಂತಹ ಬೇರಾವುದೇ ಯಂತ್ರದ ಕೆಲಸವನ್ನು ಒಂದೇ ಯಂತ್ರ ಮಾಡಬಲ್ಲದೆಂದು ತೋರಿಸಿದರು. ಇಂದಿನ ಗಣಕಯಂತ್ರದ ತಾತ್ತ್ವಿಕ ತಳಹದಿ ಇದೇ.

ಅದೇ ಪ್ರಬಂಧ ಯಂತ್ರದ ಮಿತಿಯನ್ನೂ ಗುರುತಿಸಿತು. ಯಾವುದೇ ಕ್ರಮವಿಧಿಯನ್ನು ಮುಂದಿಟ್ಟರೂ ಅದು ಕೆಲಸ ಮುಗಿಸಿ ನಿಲ್ಲುವುದೋ, ಕೊನೆಯಿಲ್ಲದೆ ಸುತ್ತುತ್ತಲೇ ಇರುವುದೋ ಎಂದು ತಪ್ಪದೆ ಹೇಳಬಲ್ಲ ಸಾರ್ವತ್ರಿಕ ವಿಧಾನ ಇರಲಾರದೆಂಬುದು ಅವರ ವಾದದಿಂದ ಹೊರಡುವ ತೀರ್ಮಾನ. ಎಲ್ಲ ತಂತ್ರಾಂಶಗಳ ಎಲ್ಲ ತಪ್ಪುಗಳನ್ನೂ ತಾನೇ ಹುಡುಕಿಕೊಡುವ ಪರಿಪೂರ್ಣ ಯಂತ್ರದ ಕನಸು, ಮೊದಲ ಎಲೆಕ್ಟ್ರಾನಿಕ್ ಗಣಕ ಹುಟ್ಟುವ ಮುನ್ನವೇ ಹೀಗೆ ಮುರಿದುಬಿತ್ತು.

ಯುದ್ಧದ ಪರೀಕ್ಷಾಯಂತ್ರ

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾದೊಡನೆ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಸೇರಿದರು. ಎನಿಗ್ಮಾ ಭೇದನದ ಹಾದಿಯನ್ನು ಮೊದಲು ತೆರೆದವರು ಪೋಲೆಂಡಿನ ಗಣಿತಜ್ಞರು. ಆ ಅನುಭವದ ಬೆನ್ನಲ್ಲಿ ಟ್ಯೂರಿಂಗ್ 'ಬಾಂಬ್' ಎಂಬ ಯಂತ್ರವನ್ನು ವಿನ್ಯಾಸಗೊಳಿಸಿದರು. ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನಷ್ಟು ಚುರುಕುಗೊಳಿಸಿದರು. ಮೊದಲ ಬಾಂಬ್ 1940ರ ಮಾರ್ಚ್‌ನಲ್ಲಿ ಸ್ಥಾಪನೆಯಾಯಿತು.

ಅದರ ಕಾರ್ಯವಿಧಾನ ಪರೀಕ್ಷೆಯದೇ. ಶತ್ರುಸಂದೇಶದಲ್ಲಿ ಇಂತಹ ಪದವಿರಬಹುದೆಂದು ಮೊದಲು ಊಹಿಸಲಾಗುತ್ತಿತ್ತು. ಬಳಿಕ ಮೂರು ಚಕ್ರಗಳ 17,576 ಸ್ಥಾನಗಳನ್ನು ಯಂತ್ರ ಒಂದೊಂದಾಗಿ ಪರೀಕ್ಷಿಸುತ್ತಿತ್ತು. ಊಹೆಗೆ ವಿರುದ್ಧವಾದ ಸ್ಥಾನವನ್ನು ತಿರಸ್ಕರಿಸಿ ಮುಂದೆ ಸಾಗುತ್ತಿತ್ತು. ವಿರೋಧ ಕಾಣದ ಕಡೆ ನಿಲ್ಲುತ್ತಿತ್ತು. ನಿಂತ ಮಾತ್ರಕ್ಕೆ ಉತ್ತರ ಸಿಕ್ಕಿತೆಂದಲ್ಲ. ನೌಕಾಪಡೆಯ ಮಹಿಳಾ ಸಿಬ್ಬಂದಿ ಅದನ್ನು ಗುರುತು ಹಾಕಿಕೊಂಡ ಮೇಲೆ ಮತ್ತೊಂದು ಯಂತ್ರದಲ್ಲಿ ಮರುಪರೀಕ್ಷೆ ನಡೆಯುತ್ತಿತ್ತು. ಅಟ್ಲಾಂಟಿಕ್ ಸಾಗರದಲ್ಲಿನ ಹಡಗುಗಳ ಸುರಕ್ಷತೆ ಈ ದಣಿವರಿಯದ ಪರೀಕ್ಷೆಯನ್ನು ಅವಲಂಬಿಸಿತ್ತು.

ಮೂರು ಪುಟಗಳ ಪ್ರಬಂಧ

ಯುದ್ಧಾನಂತರ ಟ್ಯೂರಿಂಗ್ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕಾಗಿ ಗಣಕಯಂತ್ರದ ವಿನ್ಯಾಸ ರಚಿಸಿ, 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು. ಅದೇ ವರ್ಷದ ಜೂನ್ 21ರಂದು ಅಲ್ಲಿ ಸ್ಮರಣೆಯಲ್ಲಿ ಕ್ರಮವಿಧಿಯನ್ನು ಸಂಗ್ರಹಿಸಿಕೊಂಡ ಮೊದಲ ಎಲೆಕ್ಟ್ರಾನಿಕ್ ಗಣಕ ಕೆಲಸ ಮಾಡಿತ್ತು. 1949ರ ಮೇ 6ರಂದು ಕೇಂಬ್ರಿಡ್ಜ್‌ನಲ್ಲಿ ಮಾರಿಸ್ ವಿಲ್ಕ್ಸ್ ನೇತೃತ್ವದ ಎಡ್‌ಸ್ಯಾಕ್ ಗಣಕವೂ ಚಾಲನೆಗೊಂಡಿತು. ಯಂತ್ರ ಸಿದ್ಧವಾದೊಡನೆ ಕಹಿ ಸತ್ಯವೊಂದು ಎದುರಾಯಿತು. ವಿಲ್ಕ್ಸ್ ಬರೆದ 126 ಸಾಲುಗಳ ಒಂದು ಕ್ರಮವಿಧಿಯಲ್ಲಿ ಸುಮಾರು 20 ತಪ್ಪುಗಳಿದ್ದವು. ತಮ್ಮ ಉಳಿದ ಆಯುಷ್ಯದ ಬಹುಪಾಲು ತಮ್ಮದೇ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆಯೆಂದು ಅವರಿಗೆ ಮನವರಿಕೆಯಾಯಿತು.

ಆ ಜೂನ್ ತಿಂಗಳಲ್ಲಿ ಕೇಂಬ್ರಿಡ್ಜ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಟ್ಯೂರಿಂಗ್ ದೊಡ್ಡ ಕ್ರಮವಿಧಿಗಳ ಪರಿಶೀಲನೆಯ ಬಗ್ಗೆ ಮೂರು ಪುಟಗಳ ಪ್ರಬಂಧ ಮಂಡಿಸಿದರು. ಶಾಲೆಯ ಕೂಡುವ ಲೆಕ್ಕವೇ ಅವರ ಉದಾಹರಣೆ. ಉತ್ತರ ಮಾತ್ರ ಬರೆದಿದ್ದರೆ ಲೆಕ್ಕವನ್ನೆಲ್ಲ ಮತ್ತೊಮ್ಮೆ ಮಾಡಬೇಕು. ದಶಕಗಳನ್ನೂ ಬರೆದಿಟ್ಟಿದ್ದರೆ ಒಂದೊಂದು ಸಾಲನ್ನೂ ಬೇರೆಯಾಗಿಯೇ ನೋಡಬಹುದು. ಹಾಗೆಯೇ, ಕ್ರಮವಿಧಿ ಬರೆಯುವವರು ಇಂತಹ ಹಂತದಲ್ಲಿ ಇಂತಹ ಸ್ಥಿತಿ ಇರಲೇಬೇಕೆಂಬ ಖಚಿತ ಹೇಳಿಕೆಗಳನ್ನು ಜೊತೆಗಿಡಬೇಕು; ಪರಿಶೀಲಿಸುವವರು ಅವನ್ನು ಬಿಡಿಬಿಡಿಯಾಗಿ ಒರೆಗೆ ಹಚ್ಚಬೇಕು. ಎಲ್ಲವೂ ಸರಿಯಿದ್ದರೆ ಇಡಿಯೂ ಸರಿ ಎಂಬುದು ಅದರ ತಿರುಳು.

ಗುಣಾಕಾರದ ಸೌಲಭ್ಯವಿಲ್ಲದ ಯಂತ್ರದಲ್ಲಿ ಬರೀ ಕೂಡಿಕೆಯಿಂದ ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಕ್ರಮವಿಧಿಯನ್ನು ಅವರು ಹೀಗೆ ಪರಿಶೀಲಿಸಿ ತೋರಿಸಿದರು. ಕ್ರಮವಿಧಿ ಕೊನೆಗೊಳ್ಳುವುದೆಂಬುದನ್ನೂ ಪ್ರತ್ಯೇಕವಾಗಿ ಸಾಬೀತುಪಡಿಸಬೇಕೆಂದರು. ಎಲ್ಲ ಯಂತ್ರಗಳಿಗೂ ಅನ್ವಯಿಸುವ ಉತ್ತರವಿಲ್ಲದಿದ್ದರೂ, ಕೈಯಲ್ಲಿರುವ ಒಂದು ಕ್ರಮವಿಧಿಗೆ ಉತ್ತರ ದೊರಕಿಸಬಹುದು. ವಿಪರ್ಯಾಸವೆಂದರೆ, ತಪ್ಪು ಹುಡುಕುವ ಈ ಪ್ರಬಂಧದ ಮುದ್ರಿತ ಪ್ರತಿಯಲ್ಲಿಯೇ ಹಲವು ಅಚ್ಚಿನ ತಪ್ಪುಗಳು ನುಸುಳಿದ್ದವು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇಂತಹುದೇ ವಿಚಾರಗಳನ್ನು ಶಾಸ್ತ್ರವಾಗಿ ಬೆಳೆಸಿದರು. ಟ್ಯೂರಿಂಗ್ ಪ್ರಬಂಧ ತಿದ್ದುಪಡಿಯೊಂದಿಗೆ ಮತ್ತೆ ಬೆಳಕು ಕಂಡಿದ್ದು 1984ರಲ್ಲಿ.

ಒಂದೇ ಸಾಲಿನ ಆದೇಶ

ಬಿಡಿಬಿಡಿಯಾಗಿ ಪರಿಶೀಲಿಸುವ ಆ ಕ್ರಮ ಇಂದಿನ ತಂತ್ರಾಂಶ ಉದ್ಯಮದ ನಿತ್ಯಕರ್ಮ. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ವಿಮಾನ ಪ್ರಯಾಣದ ನಡುವೆ ಬರೆಯತೊಡಗಿದ ಜೆಯುನಿಟ್, ಪೈಥಾನ್ ಭಾಷೆಯ ಪೈಟೆಸ್ಟ್ ಮೊದಲಾದ ಸಾಧನಗಳು ಇದಕ್ಕೆಂದೇ ರೂಪುಗೊಂಡವು. ಕಮಾಂಡ್ ಲೈನಿನಲ್ಲಿ ಒಂದೇ ಸಾಲಿನ ಆದೇಶ ಬರೆದರೆ ಪೈಟೆಸ್ಟ್ ಕಡತಕೋಶಗಳನ್ನೆಲ್ಲ ಜಾಲಾಡಿ, ಹೆಸರಿನ ಆರಂಭದಲ್ಲಿ ಅಥವಾ ಕೊನೆಯಲ್ಲಿ 'ಟೆಸ್ಟ್' ಎಂದಿರುವ ಕಡತಗಳನ್ನು ಹುಡುಕುತ್ತದೆ. ಅವುಗಳಲ್ಲಿನ ಪರೀಕ್ಷೆಗಳನ್ನು ಒಂದೊಂದಾಗಿ ನಡೆಸುತ್ತದೆ; ಒಂದು ಸೋತರೂ ಉಳಿದವನ್ನು ಮುಂದುವರಿಸುತ್ತದೆ. ಕೊನೆಯಲ್ಲಿ ಗೆದ್ದವೆಷ್ಟು, ಸೋತವೆಷ್ಟು, ಯಾವ ಸಾಲಿನಲ್ಲಿ ಎಂಬ ವರದಿ ನೀಡುತ್ತದೆ. ಎಲ್ಲವೂ ಗೆದ್ದಿದ್ದರೆ ಯಂತ್ರಕ್ಕೆ ಸೊನ್ನೆಯನ್ನು, ಇಲ್ಲವಾದರೆ ಬೇರೊಂದು ಅಂಕಿಯನ್ನು ಮರಳಿಸುತ್ತದೆ. ಆ ಅಂಕಿಯನ್ನು ನೋಡಿ ದೋಷಪೂರ್ಣ ತಂತ್ರಾಂಶ ಬಳಕೆದಾರರ ಕೈಸೇರದಂತೆ ತಡೆಯಬಹುದು.

ಇಂತಹ ಸಾಧನ ಕಟ್ಟುವವರು ಪ್ರತಿ ಪರೀಕ್ಷೆಗೂ ಕಾಲಮಿತಿಯನ್ನು ವಿಧಿಸುವುದುಂಟು. ನಡೆಯುತ್ತಿರುವ ಪರೀಕ್ಷೆ ತಡವಾಗಿದೆಯೋ, ಎಂದೂ ಮುಗಿಯದೋ ಎಂದು ಯಾವಾಗಲೂ ನಿರ್ಧರಿಸಲು ಸಾಧನಕ್ಕೆ ಸಾಧ್ಯವಿಲ್ಲ. ನಿಗದಿತ ಹೊತ್ತು ಮೀರಿದರೆ ಅದನ್ನು ನಿಲ್ಲಿಸಿ, ಸೋಲೆಂದು ಬರೆದುಕೊಳ್ಳುವುದೇ ದಾರಿ. 1936ರ ಸಿದ್ಧಾಂತ ಹೀಗೆ ಬೆಂಗಳೂರಿನ ಕಚೇರಿಗಳಲ್ಲಿಯೂ ಪ್ರತಿದಿನ ಮೌನವಾಗಿ ಜಾರಿಯಲ್ಲಿದೆ. ಆದರೂ ವ್ಯತ್ಯಾಸವೊಂದಿದೆ. ಟ್ಯೂರಿಂಗ್ ತೋರಿದ್ದು ಎಲ್ಲ ಸಂದರ್ಭಗಳಿಗೂ ಸಲ್ಲುವ ತಾರ್ಕಿಕ ಸಾಧನೆ. ಪರೀಕ್ಷೆಯಾದರೋ ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಕೇಳದ ಪ್ರಶ್ನೆಯಲ್ಲಿ ಅಡಗಿದ ತಪ್ಪನ್ನು ಅದು ಕಾಣದು.

ತಡವಾದ ತಿದ್ದುಪಡಿ

1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಪಡೆದ ಟ್ಯೂರಿಂಗ್ ಮರುವರ್ಷವೇ ನ್ಯಾಯಾಲಯದ ಕಟಕಟೆಯಲ್ಲಿ ನಿಂತರು. ಮನೆಯಲ್ಲಾದ ಕಳ್ಳತನದ ತನಿಖೆಯ ವೇಳೆ ಯುವಕನೊಬ್ಬನೊಂದಿಗಿನ ಅವರ ಸಂಬಂಧ ಬಯಲಾಯಿತು. ಸಲಿಂಗ ಸಂಬಂಧ ಅಂದಿನ ಬ್ರಿಟಿಷ್ ಕಾನೂನಿನಲ್ಲಿ ಅಪರಾಧ. ಸೆರೆಮನೆಯ ಬದಲು ಅವರು ಒಂದು ವರ್ಷದ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ದೇಶದ ಗುಟ್ಟುಗಳನ್ನು ಕಾದವರಿಗೆ ರಹಸ್ಯ ಕಾರ್ಯಗಳ ಬಾಗಿಲು ಮುಚ್ಚಿತು. 1954ರ ಜೂನ್ 7ರಂದು, 41ರ ವಯಸ್ಸಿನಲ್ಲಿ, ಸೈನೈಡ್ ವಿಷದಿಂದ ಅವರು ಕೊನೆಯುಸಿರೆಳೆದರು. ವಿಚಾರಣೆ ಅದನ್ನು ಆತ್ಮಹತ್ಯೆಯೆಂದಿತು. ತಾಯಿ ಆಕಸ್ಮಿಕವೆಂದೇ ನಂಬಿದ್ದರು.

ಯುದ್ಧಕಾಲದ ಅವರ ಸೇವೆ ದಶಕಗಳ ಕಾಲ ರಹಸ್ಯವಾಗಿಯೇ ಉಳಿಯಿತು. ಬ್ರಿಟಿಷ್ ಸರ್ಕಾರ 2009ರಲ್ಲಿ ಕ್ಷಮೆ ಯಾಚಿಸಿತು. 2013ರಲ್ಲಿ ರಾಜಮನೆತನದ ಕ್ಷಮಾದಾನ ದೊರೆಯಿತು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವರ ಭಾವಚಿತ್ರ ಮೂಡಿತು. ತಪ್ಪು ಎಲ್ಲಿದ್ದರೂ ಅದನ್ನು ಹುಡುಕುವ ವಿಧಾನವಿರಬೇಕೆಂದು ಯಂತ್ರಗಳ ಲೋಕಕ್ಕೆ ತಿಳಿಸಿಕೊಟ್ಟ ವ್ಯಕ್ತಿಯ ವಿಷಯದಲ್ಲಿ, ತನ್ನ ತಪ್ಪನ್ನು ತಿದ್ದಿಕೊಳ್ಳಲು ಮನುಷ್ಯರ ಲೋಕಕ್ಕೆ ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಬೇಕಾಯಿತು.